ಹಿಂಬದಿ ಕುಸಿದ ಕಾರು: ಬಿಡಿಭಾಗಕ್ಕೆ ಮುನ್ನ ತಪಾಸಣೆ

ಚಿಕ್ಕಜಾಜೂರು ರೈಲ್ವೆ ಜಂಕ್ಷನ್ ಆಗಿದ್ದರೂ ಸುತ್ತಲಿನ ಅಡಿಕೆ, ತೆಂಗು ವರ್ತಕರ ದಿನನಿತ್ಯದ ಓಡಾಟ ನಡೆಯುವುದು ಕಾರಿನಲ್ಲಿಯೇ. ವಾರಂಟಿ ಮುಗಿದ ಐಷಾರಾಮಿ ಕಾರನ್ನು ಕಡಿಮೆ ಬೆಲೆಗೆ ಕೊಂಡವರಿಗೆ ಒಂದು ಮುಂಜಾನೆ ಎದುರಾಗಬಹುದಾದ ತೊಂದರೆಯೆಂದರೆ, ರಾತ್ರಿ ಸಮವಾಗಿ ನಿಂತಿದ್ದ ಕಾರಿನ ಹಿಂಭಾಗ ಚಕ್ರದ ಮೇಲೆ ಕುಸಿದಿರುವುದು. ‘ಕಂಪ್ರೆಸರ್ ಹೋಗಿದೆ’ ಎಂಬ ತೀರ್ಪು ಹೊರಬೀಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೊಸ ಕಂಪ್ರೆಸರ್ ಕೂಡಿಸಿದ ಕೆಲವೇ ದಿನಗಳಲ್ಲಿ ಕಾರು ಮತ್ತೆ ಕುಸಿದರೆ ಹಣವೂ ಹೋಯಿತು, ದೋಷವೂ ಉಳಿಯಿತು.

ಇಲ್ಲಿ ಉಕ್ಕಿನ ಸ್ಪ್ರಿಂಗ್‌ಗೆ ಬದಲಾಗಿ ಗಾಳಿ ತುಂಬಿದ ರಬ್ಬರ್ ಚೀಲಗಳು ಭಾರ ಹೊರುತ್ತವೆ. 2001ರಿಂದ ಭಾರತದಲ್ಲಿ ಓಡುತ್ತಿರುವ ವೋಲ್ವೊ ಬಸ್ಸುಗಳ ತತ್ವವೂ ಇದೇ. ಎತ್ತರವನ್ನು ಸೆನ್ಸರ್ ಅಳೆಯುತ್ತದೆ, ಕಂಪ್ರೆಸರ್ ಗಾಳಿ ಒದಗಿಸುತ್ತದೆ, ವಾಲ್ವ್‌ಗಳು ಅದನ್ನು ಹಂಚುತ್ತವೆ. ವರ್ಷಗಳು ಕಳೆದಂತೆ ರಬ್ಬರಿನ ಮಡಿಕೆಯಲ್ಲಿ ಬಿರುಕು ಮೂಡಿ ಗಾಳಿ ಸೋರುತ್ತದೆ. ಆ ಸೋರಿಕೆಯನ್ನು ತುಂಬಲು ಕಂಪ್ರೆಸರ್ ಪದೇ ಪದೇ ಓಡಿ ಕಾದು ಸುಟ್ಟುಹೋಗುತ್ತದೆ. ಹೀಗಾಗಿ ಕೆಟ್ಟ ಕಂಪ್ರೆಸರ್ ಅನೇಕ ವೇಳೆ ಪರಿಣಾಮವೇ ಹೊರತು ಕಾರಣವಲ್ಲ.

ಮೊದಲ ತಪಾಸಣೆಗೆ ದುಬಾರಿ ಉಪಕರಣ ಬೇಕಿಲ್ಲ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗಿನ ಎತ್ತರವನ್ನು ಎರಡೂ ಬದಿಗಳಲ್ಲಿ ರಾತ್ರಿಯೂ ಬೆಳಿಗ್ಗೆಯೂ ಅಳೆಯಬೇಕು. ಒಂದೇ ಬದಿ ಇಳಿದಿದ್ದರೆ ಆ ಬದಿಯ ಚೀಲ ಅಥವಾ ಕೊಳವೆಯ ಮೇಲೆ ಸಂಶಯ ಮೊದಲು. ಎರಡೂ ಬದಿ ಇಳಿದಿದ್ದರೆ ವಾಲ್ವ್, ಸೆನ್ಸರ್, ಫ್ಯೂಸ್, ರಿಲೇಗಳನ್ನೂ ನೋಡಬೇಕು. ಸೋಪಿನ ನೀರು ಸಿಂಪಡಿಸಿದಾಗ ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಬಳಿಕ ಸ್ಕ್ಯಾನರ್ ಜೋಡಿಸಿ ದೋಷಸಂಕೇತಗಳನ್ನು ಓದಿಸಬೇಕು. ಭದ್ರವಾದ ಸ್ಟ್ಯಾಂಡ್ ಕೊಡದೆ ಕುಸಿದ ಕಾರಿನ ಕೆಳಗೆ ಯಾರೂ ಹೋಗಬಾರದು.

ತೆರಿಗೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿ ಸೇವೆಗೆ ತೆತ್ತ ಜಿಎಸ್‌ಟಿ, ವಾಹನವನ್ನು ಮಾರಾಟ, ಪ್ರಯಾಣಿಕ ಸಾಗಣೆ ಮುಂತಾದ ನಿಗದಿತ ಉದ್ದೇಶಗಳಿಗೆ ಬಳಸದ ವರ್ತಕರಿಗೆ ಹೂಟುವಳಿ ತೆರಿಗೆ ಜಮೆಯಾಗಿ ದೊರೆಯುವುದಿಲ್ಲ. 2019ರ ಫೆಬ್ರವರಿ 1ರಿಂದ ಕಾನೂನು ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ತಪ್ಪು ದುರಸ್ತಿಯ ತೆರಿಗೆಯೂ ಪೂರ್ತಿ ವೆಚ್ಚವೇ. ವ್ಯವಹಾರದ ಬಳಕೆಯ ಮಟ್ಟಿಗೆ ದುರಸ್ತಿ ಖರ್ಚನ್ನು ಆದಾಯದಿಂದ ಕಳೆಯಬಹುದಾದರೂ, ಅದರಿಂದ ಉಳಿಯುವುದು ತೆರಿಗೆಯ ಒಂದು ಪಾಲು ಮಾತ್ರ, ಬಿಲ್ಲಿನ ಮೊತ್ತವಲ್ಲ.

ತಪ್ಪು ಕಾರ್ಯಾಗಾರದವರದು ಮಾತ್ರವಲ್ಲ. ದೋಷ ಹುಡುಕಲು ಎರಡು ಗಂಟೆ ದುಡಿದ ಮೆಕ್ಯಾನಿಕ್‌ಗೆ ಶುಲ್ಕ ಕೊಡಲು ಹಿಂಜರಿಯುವ ಮಾಲೀಕರು, ಬಿಡಿಭಾಗದ ಬಿಲ್ಲನ್ನು ಮರುಮಾತಿಲ್ಲದೆ ಪಾವತಿಸುತ್ತಾರೆ. ತಪಾಸಣೆಗೆ ಬೆಲೆ ಇಲ್ಲದ ಕಡೆ ಊಹೆಯೇ ತಪಾಸಣೆಯಾಗುತ್ತದೆ. ರೊಕ್ಕದ ಪುಸ್ತಕ ತಾಳೆಯಾಗದಿದ್ದಾಗ ಯಾವ ವರ್ತಕರೂ ಹೊಸ ತಿಜೋರಿ ಕೊಳ್ಳುವುದಿಲ್ಲ, ವೋಚರುಗಳನ್ನು ಒಂದೊಂದಾಗಿ ನೋಡಿಸುತ್ತಾರೆ. ಕಾರಿನ ವಿಷಯದಲ್ಲಿಯೂ ಅದೇ ಶಿಸ್ತು ಬೇಕು. ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿಗೆ ಕಾರನ್ನು ಲಾರಿಯಲ್ಲಿ ಏರಿಸುವ ಮುನ್ನ ಅಳತೆಗಳನ್ನು ಬರೆದಿಟ್ಟುಕೊಳ್ಳುವುದು, ತಪಾಸಣಾ ಶುಲ್ಕವನ್ನು ಪ್ರತ್ಯೇಕವಾಗಿ ಕೊಟ್ಟು ಲಿಖಿತ ವರದಿ ಪಡೆಯುವುದು, ತೆಗೆದ ಹಳೆಯ ಭಾಗವನ್ನು ಕೇಳಿ ನೋಡುವುದು ವಿವೇಕದ ಮಾರ್ಗ. ಸೋರಿಕೆ ಎಲ್ಲಿದೆಯೆಂದು ತಿಳಿದ ಮೇಲಷ್ಟೇ ಖರೀದಿಯ ಮಾತು ಬರಬೇಕು.