ಪಾದ್ರಿಯ ವಿದ್ಯೆ ಯಾವ ನುಡಿಯಲ್ಲಿ?

ಸಂಡೂರು, ಹೊಸಪೇಟೆಗಳ ಕಡೆಯ ಒಬ್ಬ ಕ್ರೈಸ್ತ ತರುಣನು ತನಗೆ ದೇವರ ಕರೆ ಬಂದಿದೆಯೆಂದು ನಂಬಿ, ಬೈಬಲ್ಲನ್ನು ಪದವಿಯ ಮಟ್ಟದಲ್ಲಿ ಓದಲು ಹೊರಟನೆಂದು ಭಾವಿಸೋಣ. ಅವನ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. 1910ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಒಂದು. ಅಲ್ಲಿ ಪಾಠವು ಇಂಗ್ಲಿಷಿನಲ್ಲಿ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇನ್ನೊಂದು. ಅಲ್ಲಿ ಕನ್ನಡದಲ್ಲಿ ಕಲಿಯಬಹುದು. ಇವೆರಡರಲ್ಲಿ ಯಾವುದನ್ನು ಆರಿಸಬೇಕೆಂಬುದು ಆ ತರುಣನ ಮನೆಯ ಮಾತೆಂದು ವಾಚಕರು ತಳ್ಳಿಹಾಕಲಾಗದು. ಅದು ಕನ್ನಡದ ಮಾತೂ ಹೌದು.

ಈ ಸೀಮೆಯ ಹಿಂದಿನ ಸಂಗತಿಯನ್ನು ನೆನೆದರೆ ವಿಷಾದವಾಗುವದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಸಾಹೇಬರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡವನ್ನು ಕಲಿತು, ಬೈಬಲ್ಲನ್ನು ಕನ್ನಡಿಸುವ ಕಾರ್ಯಕ್ಕೆ ಕೈಯಿಟ್ಟರು. 1830ರ ದಶಕದ ಆರಂಭದಲ್ಲಿ ಸಂಪೂರ್ಣ ಗ್ರಂಥವು ಕನ್ನಡಿಗರ ಕೈಗೆ ಬಂದಿತು. ಅವರ ಜೊತೆಗಾರರಾದ ವಿಲಿಯಂ ರೀವ್ ಸಾಹೇಬರ ಕನ್ನಡ–ಇಂಗ್ಲಿಷ್ ನಿಘಂಟು 1832ರದು. ಬಾಸೆಲ್ ಮಿಷನ್ನಿನ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ಇವರೆಲ್ಲರ ಉದ್ದೇಶ ಮತಪ್ರಚಾರವೇ ಸರಿ. ಅದನ್ನು ಮುಚ್ಚಿಡುವ ಕಾರಣವಿಲ್ಲ. ಆದರೆ ಪರದೇಶದಿಂದ ಬಂದವರಿಗೆ ಕನ್ನಡವಿಲ್ಲದೆ ನಡೆಯದೆಂದು ಕಂಡಿತು. ಈಗ ಇಲ್ಲಿಯೇ ಹುಟ್ಟಿದವನು ತನ್ನ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತು ಬಂದು, ಗಣಿಯ ಕೂಲಿಕಾರನ ಮುಂದೆ ತಡವರಿಸಬೇಕೆ?

ಇಂಗ್ಲಿಷನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಉಚ್ಚ ವ್ಯಾಸಂಗಕ್ಕೆ ಬೇಕಾದ ಭಾಷ್ಯಗಳೂ ಕೋಶಗಳೂ ಅದರಲ್ಲಿವೆ. ಪದವಿಯ ಅಭ್ಯಾಸವೂ ಸುಲಭವಾದದ್ದಲ್ಲ. ಈ ಪದವಿಗಳ ಮೂಲವಾದ ಬಂಗಾಳದ ಶ್ರೀರಾಂಪುರದ ಕಾಲೇಜು 1818ರಲ್ಲಿ ಹುಟ್ಟಿ, 1827ರಲ್ಲಿ ಡೆನ್ಮಾರ್ಕಿನ ಅರಸನಿಂದ ಸನದನ್ನು ಪಡೆಯಿತು. 1918ರ ಕಾಯಿದೆಯು ಅದರ ವ್ಯವಸ್ಥೆಯನ್ನು ಭದ್ರಗೊಳಿಸಿತು. ಅಲ್ಲಿಯ ಪಠ್ಯಕ್ರಮದಲ್ಲಿ ಬೈಬಲ್ಲು, ಸಭೆಯ ಇತಿಹಾಸಗಳ ಜೊತೆಗೆ ಇತರ ಧರ್ಮಗಳ ಪರಿಚಯವೂ ಸೇರಿದೆ. ನೆರೆಯವನ ಧರ್ಮವನ್ನು ಅರಿಯದ ಉಪದೇಶಕನಿಗಿಂತ ಅರಿತವನು ಊರಿಗೆ ಲೇಸು. ಮತಾಂತರದ ಭಯದಿಂದ ಇಂಥ ವಿದ್ಯೆಯನ್ನೇ ಶಂಕಿಸುವ ಸಜ್ಜನರು ಇದನ್ನು ಗಮನಿಸತಕ್ಕದ್ದು.

ಅಧಿಕಾರಿ ವರ್ಗದವರಿಗೆ ಇನ್ನೊಂದು ಮಾತು. ಸರ್ಕಾರದ ಹಣದಿಂದಲೇ ಪೂರ್ತಿಯಾಗಿ ನಡೆಯುವ ಶಾಲೆಗಳಲ್ಲಿ ಮತಬೋಧೆ ಕೂಡದೆಂದೂ, ಮಾನ್ಯತೆ ಅಥವಾ ಸಹಾಯಧನ ಪಡೆದ ಸಂಸ್ಥೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಅದಕ್ಕೆ ಕೂರಿಸಕೂಡದೆಂದೂ ಸಂವಿಧಾನದ 28ನೆಯ ವಿಧಿಯು ಹೇಳುತ್ತದೆ. ಬೋಧೆ ಬೇರೆ, ಅಧ್ಯಯನ ಬೇರೆ. ವಚನವನ್ನೂ ಜೈನಪುರಾಣವನ್ನೂ ಸಾಹಿತ್ಯವೆಂದು ಓದುವ ನಾವು, ಬಳ್ಳಾರಿಯಲ್ಲಿ ರೂಪುಗೊಂಡ ಬೈಬಲ್ ಗದ್ಯವನ್ನೂ ಹಾಗೆಯೇ ಓದಿದರೆ ವಿಧಿಗೆ ಭಂಗವೇನೂ ಬಾರದು. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಸಂಡೂರಿಗೆ ದೂರವಲ್ಲ; ಹ್ಯಾಂಡ್ಸರ ಅನುವಾದವನ್ನು ಮುಂದಿನ ಪರಿಷ್ಕರಣಗಳೊಡನೆ ಹೋಲಿಸಿ ನೋಡುವ ಕೆಲಸಕ್ಕೆ ಅದಕ್ಕಿಂತ ತಕ್ಕ ಸ್ಥಳ ಯಾವುದು?

'ಕರೆ' ಎಂಬ ಮಾತಿನ ಅರ್ಥವೂ ಸಂಕುಚಿತವಾಗಿದೆ. ಪೀಠವನ್ನೇರಿದವನಿಗೆ ಮಾತ್ರ ಕರೆಯುಂಟೆಂಬ ಎಣಿಕೆಯನ್ನು ಲೂಥರನು 16ನೆಯ ಶತಮಾನದಲ್ಲಿಯೇ ಅಲ್ಲಗಳೆದು, ಗೃಹಸ್ಥನ ದಿನದ ದುಡಿಮೆಯೂ ದೇವರ ಸೇವೆಯೆಂದನು. ಅದಕ್ಕೂ ಎಷ್ಟೋ ಹಿಂದೆ, 12ನೆಯ ಶತಮಾನದಲ್ಲಿ, ಕಾಯಕವನ್ನು ಕಂಡ ನಾಡು ಇದು. ಈ ಎರಡನ್ನೂ ಕೂಡಿಸಿ ಕನ್ನಡದಲ್ಲಿ ಬರೆಯಬಲ್ಲ ದೇವಶಾಸ್ತ್ರಿಗೆ ಶ್ರೋತೃಗಳ ಕೊರತೆಯಾಗಲಾರದು.

ಆದರೆ ಪುಸ್ತಕಗಳು ಎಲ್ಲಿವೆ? ಕಟ್ಟಡ ಕಟ್ಟಲು ಉತ್ಸಾಹ ತೋರುವ ಸಭೆಗಳು, ಕನ್ನಡದಲ್ಲಿ ಓದುವ ವಿದ್ಯಾರ್ಥಿಗೆ ವೇತನವನ್ನೂ ಕನ್ನಡ ಭಾಷ್ಯಗಳ ಅಚ್ಚಿಗೆ ಹಣವನ್ನೂ ಮೊದಲು ತೆಗೆದಿಡಲಿ.