ಸಗಣಿಯ ಅನಿಲವೂ ಸಹಕಾರವೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಗ್ರಾಮಗಳಲ್ಲಿ ಉರುವಲಿನ ಕಷ್ಟವನ್ನು ಬಲ್ಲವರು ಗೃಹಿಣಿಯರು; ಯೋಜನೆಯನ್ನು ಬರೆಯುವವರು ಬೇರೆ. ನೆರೆಯ ಬಾಗೇಪಲ್ಲಿಯ ಕೂಲಿ ಸಂಘದವರು ಈ ಅಂತರವನ್ನು ಕೆಲಮಟ್ಟಿಗೆ ತಗ್ಗಿಸಿ ತೋರಿಸಿರುತ್ತಾರೆ. ೫,೫೦೦ ಮನೆಗಳಿಗೆ ಎರಡೆರಡು ಘನಮೀಟರಿನ ಗೋಬರ್ ಗ್ಯಾಸ್ ಸ್ಥಾವರಗಳನ್ನು ಕಟ್ಟುವ ಅವರ ಯೋಜನೆಯು ಕ್ಯೋಟೋ ಒಪ್ಪಂದದ ಮೇರೆಗೆ ೨೦೦೫ರಲ್ಲಿ ನೋಂದಣಿಯಾಯಿತು. ಇಂಗಾಲದ ಹೊಗೆ ತಗ್ಗಿದುದಕ್ಕೆ ದೊರೆಯುವ ಪ್ರಮಾಣಪತ್ರಗಳನ್ನು ಪರದೇಶದವರಿಗೆ ಮಾರಿ ವೆಚ್ಚವನ್ನು ಹೊಂದಿಸುವುದು ಅದರ ಕ್ರಮ. ಇಲ್ಲದ ಹೊಗೆಗೂ ಬೆಲೆಯುಂಟೆಂದು ಕೇಳಿದ್ದರೆ ನಮ್ಮ ಹಿರಿಯರು ನಕ್ಕಾರು!

ಆದರೆ ಸ್ಥಾವರವನ್ನು ಕಟ್ಟಿದ ಮಾತ್ರಕ್ಕೆ ಒಲೆ ಉರಿಯದು. ನಿತ್ಯವೂ ಸಗಣಿ ಬೇಕು, ಅದರಷ್ಟೇ ನೀರೂ ಬೇಕು. ಜೀವನದಿಯಿಲ್ಲದ ಈ ಸೀಮೆಯಲ್ಲಿ ಬರಗಾಲಕ್ಕೆ ಹೆದರಿ ರೈತನು ಹಸುವನ್ನು ಮಾರಿದನೆಂದರೆ ಸ್ಥಾವರವೂ ಬತ್ತಿತು. ಆದುದರಿಂದ ಅಧಿಕಾರಿಗಳು ಸ್ಥಾವರಗಳನ್ನು ಎಣಿಸುವುದಕ್ಕೆ ಮುಂಚೆ ಹಸುಗಳನ್ನೂ ನೀರನ್ನೂ ಎಣಿಸತಕ್ಕದ್ದು. ದುರಸ್ತಿಯ ಮಾತು ಇನ್ನೂ ಮುಖ್ಯವಾದದ್ದು. ಗುಂಡಿ ಬಿರುಕುಬಿಟ್ಟರೆ, ಗಾರೆಯವನು ಪಟ್ಟಣದಿಂದ ಬರುವ ತನಕ ಹೆಂಗಸರು ಮರಳಿ ಸೌದೆಯ ಹೊಗೆಯಲ್ಲಿ ಕಣ್ಣೊರಸಿಕೊಳ್ಳಬೇಕು. ಬೆಳಗೂ ಸಂಜೆಯೂ ಹಾಲನ್ನಳೆಯುವ ಸಹಕಾರ ಸಂಘಗಳು ಹಳ್ಳಿಗಳಲ್ಲಿ ಇದ್ದೇ ಇವೆ; ಯಾರ ಕೊಟ್ಟಿಗೆಯಲ್ಲಿ ಎಷ್ಟು ಕರಾವು ಇದೆಯೆಂಬುದು ಅವುಗಳಿಗೆ ತಿಳಿಯದ ವಿಷಯವಲ್ಲ. ಸ್ಥಾವರಗಳ ಪಾಲನೆಯನ್ನು ಈ ಸಂಘಗಳಿಗೇ ವಹಿಸಿ, ಹಾಲಿನ ಹಣದಲ್ಲಿ ಲೀಟರಿಗೆ ಅತ್ಯಲ್ಪ ಅಂಶವನ್ನು ಅದಕ್ಕಾಗಿ ತೆಗೆದಿಡುವ ಏರ್ಪಾಡನ್ನು ಸರ್ಕಾರದವರು ಒಂದೆರಡು ತಾಲ್ಲೂಕುಗಳಲ್ಲಾದರೂ ಮಾಡಿನೋಡಬೇಕೆಂದು ನಾವು ಸೂಚಿಸುತ್ತೇವೆ.