ಮಕ್ಕಳ ನೋವೂ ಆಸ್ಪತ್ರೆಯ ಹೊಣೆಯೂ

ಆಟವಾಡುವ ಮಗುವೊಂದು ಬಿದ್ದು ಹಣೆಯೊಡೆದುಕೊಂಡರೆ, ಅದನ್ನು ಮೇಜಿನ ಮೇಲೆ ಮಲಗಿಸಿ, ಕೈಯನ್ನೊಬ್ಬರು ಕಾಲನ್ನೊಬ್ಬರು ಅದುಮಿ ಹಿಡಿದು ಹೊಲಿಗೆ ಹಾಕುವ ಪದ್ಧತಿಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ತಾಯಿಯನ್ನು ಹೊರಗೆ ಕಳುಹಿಸುವುದೂ ಉಂಟು. ‘ಎರಡು ನಿಮಿಷದ ಕೆಲಸ, ಮಗು ಮರೆತುಬಿಡುತ್ತದೆ’ ಎಂಬ ಸಮಾಧಾನವನ್ನು ವಾಚಕರೂ ಕೇಳಿರಬಹುದು. ಈ ಮಾತನ್ನು ನಾವು ಒಪ್ಪಲಾರೆವು. ಹಸುಗೂಸುಗಳಿಗೆ ನೋವಿನ ಅರಿವು ಅಷ್ಟಾಗಿ ಇಲ್ಲವೆಂದು ವೈದ್ಯಲೋಕವು ಬಹುಕಾಲ ನಂಬಿ, ಶಸ್ತ್ರಕ್ರಿಯೆಗಳನ್ನು ಸಹ ಸಾಕಷ್ಟು ಅರಿವಳಿಕೆಯಿಲ್ಲದೆ ನಡೆಸಿದ್ದುಂಟು. ಆ ನಂಬಿಕೆಯನ್ನು ಬುಡಸಹಿತ ಅಲುಗಿಸಿದ 1987ರ ಪ್ರಬಂಧದ ಕರ್ತೃಗಳಿಬ್ಬರಲ್ಲಿ ಒಬ್ಬರು ಭಾರತದಲ್ಲಿಯೇ ವೈದ್ಯಶಿಕ್ಷಣ ಪಡೆದ ಡಾಕ್ಟರ್ ಕನ್ವಲ್‌ಜೀತ್ ಆನಂದ್ ಅವರು. ನಮ್ಮವರು ಹೊರಗೆ ಕಲಿಸಿದ ಪಾಠವನ್ನು ನಾವೇ ಮನೆಯಲ್ಲಿ ಓದದಿರುವುದು ವಿಷಾದದ ಸಂಗತಿ.

ಸಾಧನವಿಲ್ಲವೆಂಬ ನೆಪವೂ ಸಲ್ಲದು. 1962ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಕೆಟಮಿನ್ ಎಂಬ ಔಷಧವು 1985ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಬೆಲೆಯೂ ಹೆಚ್ಚಲ್ಲ. ಅದು ನೋವನ್ನು ತಡೆಯುವುದಲ್ಲದೆ, ಸಾಮಾನ್ಯವಾಗಿ ಉಸಿರಾಟವನ್ನು ಕುಗ್ಗಿಸುವುದಿಲ್ಲ. ಮೂಗಿಗೆ ಸಿಂಪಡಿಸುವ ಮಿಡಜೋಲಮ್ ಮತ್ತೊಂದುಂಟು. ಆದರೆ ಅದು ಅಂಜಿಕೆಯನ್ನು ಕಳೆಯುವುದೇ ಹೊರತು ನೋವನ್ನಲ್ಲ. ಕೆಲವು ಮಕ್ಕಳು ಅದರಿಂದ ಶಾಂತರಾಗುವ ಬದಲು ಕೆರಳುವುದೂ ಉಂಟು.

ಹಾಗೆಂದು ಅಳುವ ಮಕ್ಕಳಿಗೆಲ್ಲ ಮದ್ದು ಕೊಟ್ಟು ಮಲಗಿಸಿರೆಂಬುದು ನಮ್ಮ ವಾದವಲ್ಲ. ವೈದ್ಯರ ಅನುಕೂಲಕ್ಕಾಗಿ ಮಗುವನ್ನು ಮಂಕಾಗಿಸುವುದು ಇನ್ನೊಂದು ಬಗೆಯ ಅನ್ಯಾಯ. ಕೆಟಮಿನ್ನಿನಿಂದಲೂ ಅಪರೂಪವಾಗಿ ಗಂಟಲು ಬಿಗಿದು ಉಸಿರು ಕಟ್ಟುವುದುಂಟು. ಹೊಲಿಯುವವರೊಬ್ಬರು, ಉಸಿರನ್ನು ಕಾಯುವ ತರಬೇತಾದವರು ಮತ್ತೊಬ್ಬರು, ಪಕ್ಕದಲ್ಲಿ ಆಮ್ಲಜನಕ, ಬೆರಳಿಗೆ ಆಕ್ಸಿಮೀಟರು: ಇವಿಲ್ಲದಲ್ಲಿ ಆ ಔಷಧವನ್ನು ಮುಟ್ಟಲೇಬಾರದು. ಅನೇಕ ಸಣ್ಣ ಗಾಯಗಳಿಗಂತೂ ಮರಗಟ್ಟಿಸುವ ಲೇಪ, ಅದು ಹಿಡಿಯಲು ಬೇಕಾದ ಇಪ್ಪತ್ತು ಮೂವತ್ತು ನಿಮಿಷ, ತಾಯಿಯ ಮಡಿಲು, ಇಷ್ಟು ಸಾಕಾದೀತು. ತಾಳ್ಮೆಗೆ ಇಂಡೆಂಟು ಬೇಕಿಲ್ಲವಷ್ಟೆ!

2013ರ ಕೊನೆಯಲ್ಲಿ ಕೇಂದ್ರ ಸರಕಾರದವರು ದುರುಪಯೋಗವನ್ನು ತಡೆಯಲು ಕೆಟಮಿನ್ನನ್ನು ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಗೆ ಸೇರಿಸಿದರು. ಬೀಗ, ಲೆಕ್ಕ, ಎರಡು ಪ್ರತಿಗಳ ಚೀಟಿ ಎಲ್ಲವೂ ಇರಲಿ. ಕಳ್ಳಮಾರಾಟಕ್ಕೆ ನಾವೂ ವಿರೋಧಿಗಳೇ. ಆದರೆ ಬೀಗದ ಕೈಯು ಉಗ್ರಾಣದವರ ಮನೆಯಲ್ಲಿ, ಮುರಿದ ಕೈಯ ಮಗುವು ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಎಂಬಂತಾದರೆ ನಿಯಮದ ಉದ್ದೇಶವೇ ಕೆಟ್ಟಂತೆ. ತಾಲ್ಲೂಕು ಆಸ್ಪತ್ರೆಗಳ ತುರ್ತು ಕೊಠಡಿಗಳಲ್ಲಿ ಈ ಔಷಧವೂ ಲೇಪವೂ ಇವೆಯೆ, ಅವನ್ನು ಬಳಸಬಲ್ಲವರು ರಾತ್ರಿಯ ಪಾಳಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಆರೋಗ್ಯ ಇಲಾಖೆಯವರು ವಿಚಾರಿಸಿ, ಜಿಲ್ಲಾವಾರು ವಿವರವನ್ನು ಸಾರ್ವಜನಿಕರ ಮುಂದಿಡಬೇಕೆಂದು ಒತ್ತಾಯಿಸುತ್ತೇವೆ.